ಆನೆ ಛಾಪಿನ ಎದುರು ಶಿವಬಸವ್ವನ ಜೋಡಿ ಸೀನು

ಪುಣೆಯ ಭವಾನಿ ಪೇಠೆಯಲ್ಲಿ ಬೆಳಗಿನ ಐದು ಗಂಟೆ. ವಾಡೆಯ ಹಿಂದಿನ ಅಂಗಳದಲ್ಲಿ ಶಿವಬಸವ್ವನವರು ಒನಕೆಯನ್ನು ಗೋಡೆಗೆ ಒರಗಿಸುತ್ತಾರೆ. ಒರಳಿನೊಳಗಿನ ಕಂದು ಪುಡಿಯನ್ನು ಎರಡು ಬೆರಳಲ್ಲಿ ಎತ್ತಿ ಉಜ್ಜಿ ನೋಡುತ್ತಾರೆ. ಆಮೇಲೆ ಒಳಗಿನ ಕೋಣೆಯ ಕಡೆ ಮುಖ ಮಾಡಿ ಕೂಗುತ್ತಾರೆ: "ಏನ್ರಿ, ಮೂಗು ತಗೊಂಡು ಬರ್ರಿ!"

ಮೂಗು ಬರುತ್ತದೆ. ಅದರ ಹಿಂದೆ ಅವರ ಯಜಮಾನರಾದ ಸಿದ್ದಲಿಂಗಪ್ಪನವರು ಬರುತ್ತಾರೆ. ಅಷ್ಟು ಹೊತ್ತಿಗೆ ಅವರ ಸ್ನಾನ, ಲಿಂಗಪೂಜೆ ಮುಗಿದು ಹಣೆಯ ವಿಭೂತಿ ಒಣಗಿರುತ್ತದೆ. ಮಣೆಯ ಮೇಲೆ ನೆಟ್ಟಗೆ ಕುಳಿತು, ಹೆಂಡತಿ ಸೋಸಿ ಬೆರೆಸಿ ಕೊಟ್ಟ ಚಿಟಿಕೆ ನಶ್ಯವನ್ನು ಏರಿಸಿ ಕಣ್ಣು ಮುಚ್ಚುತ್ತಾರೆ. ಅಂಗಳ ಸುಮ್ಮನಾಗುತ್ತದೆ. ಹಾಲು ಮಾರುವ ರಂಗೂಬಾಯಿ ಕೊಡವನ್ನು ಬಾಗಿಲಲ್ಲಿ ಕೆಳಗಿಟ್ಟು ನಿಂತಿದ್ದಾರೆ. ಮಹಡಿಯ ಮೆಟ್ಟಿಲ ಮೇಲೆ ಶಾಲೆಯ ಮಾಸ್ತರರೊಬ್ಬರು ಒಂದು ಚಪ್ಪಲಿಯನ್ನು ಕಾಲಿಗೆ ಹಾಕಿ ಇನ್ನೊಂದನ್ನು ಕೈಯಲ್ಲಿ ಹಿಡಿದು ಕಾಯುತ್ತಿದ್ದಾರೆ.

ಸಿದ್ದಲಿಂಗಪ್ಪನವರು ಸೀನುತ್ತಾರೆ. ಯಾರೂ ಅಲುಗುವುದಿಲ್ಲ. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಕಳೆಯುತ್ತದೆ. ಮೊದಲಿನದಕ್ಕಿಂತ ಗಟ್ಟಿಯಾಗಿ ಇನ್ನೊಂದು ಸೀನು ಬರುತ್ತದೆ.

"ದೋನ್ ಝಾಲ್ಯಾ! ನಿಘತೇ ಮೀ." ಎರಡಾದವು, ನಾನು ಹೊರಟೆ ಎಂದು ರಂಗೂಬಾಯಿ ಕೊಡವನ್ನು ಎತ್ತಿಕೊಳ್ಳುತ್ತಾರೆ. ಮಾಸ್ತರರ ಎರಡನೆಯ ಚಪ್ಪಲಿಯೂ ಕಾಲಿಗೆ ಸೇರುತ್ತದೆ. ಪುಡಿ ಪಾಸಾಯಿತು. ಒಂದೇ ಸೀನು ಬಂದಿದ್ದರೆ ಇಡೀ ಒರಳನ್ನು ಮತ್ತೆ ಕುಟ್ಟಬೇಕಾಗುತ್ತಿತ್ತು.

ಹೊರಡುವಾಗ ಒಂಟಿ ಸೀನು ಬಂದರೆ ಕೆಲಸ ಕೆಡುತ್ತದೆ, ಜೋಡಿ ಸೀನು ಬಂದರೆ ಕೈಗೂಡುತ್ತದೆ ಎಂಬುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಶರಣರ ಮನೆಯಲ್ಲಿ ಶಕುನ ನೋಡಬಾರದೆಂದು ಮಠದ ಸ್ವಾಮಿಗಳು ಪ್ರತಿ ಶ್ರಾವಣದಲ್ಲಿಯೂ ಪ್ರವಚನದಲ್ಲಿ ಹೇಳುತ್ತಾರೆ. ಕೇಳುವವರೆಲ್ಲ ಭಕ್ತಿಯಿಂದ ತಲೆಯಾಡಿಸುತ್ತಾರೆ. ಪ್ರವಚನ ಮುಗಿದು ಏಳುವಾಗ ಯಾರಾದರೂ ಒಂದು ಸೀನಿದರೆ ಅಷ್ಟೂ ಜನ ಮತ್ತೆ ಕುಳಿತುಕೊಳ್ಳುತ್ತಾರೆ.

ಹೀಗೆ ಹುಟ್ಟಿದ್ದು ಪುಣೆಯ ಕನ್ನಡ ಗುಮಾಸ್ತರ 'ಹೊಸ್ತಿಲ ಚಿಟಿಕೆ'. ಸೀನು ತಾನಾಗಿ ಬರುವುದನ್ನು ಕಾಯುವ ಬದಲು, ಕಚೇರಿಗೆ ಹೊರಡುವ ಮುನ್ನ ಹೊಸ್ತಿಲ ಮೇಲೆ ನಿಂತು ಒಂದು ಚಿಟಿಕೆ ನಶ್ಯ ಏರಿಸಿ, ಎರಡು ಸೀನಿ, ಶುಭವಾಗಿ ಹೊರಡುವ ಪದ್ಧತಿ ಇದು. ಶಿವಬಸವ್ವನವರ ಅತ್ತೆಯ ಕಾಲದಿಂದ ನಡೆದು ಬಂದಿದೆ. ಪದ್ಧತಿಗೆ ಬೇಕಾದ ಪುಡಿ ಈ ಒಂದೇ ಒರಳಿನದು.

ಶಿವಬಸವ್ವನವರಿಗೆ ಈಗ ನಲವತ್ಮೂರು. ನಿಪ್ಪಾಣಿಯಿಂದ ಸೊಸೆಯಾಗಿ ಈ ವಾಡೆಗೆ ಬಂದಾಗ ಹದಿನಾಲ್ಕು. "ನಮ್ಮತ್ತಿ ನನ್ನ ಕೈಯಾಗ ಒನಕಿ ಕೊಟ್ರು. 'ಅಡಗಿ ಆಮ್ಯಾಲ ಕಲತೀ ಅಂತ, ಮೊದಲ ಇದನ್ನ ಕಲಿ' ಅಂದ್ರು. ಅಡಗಿ ಇನ್ನೂ ಬಂದಿಲ್ಲ ಅಂತ ಇವರು ಅಂತಾರ" ಎಂದು ನಗುತ್ತಾರೆ.

"ಅನ್ನೋದಲ್ಲ, ಉಣ್ಣೋದು" ಎಂದು ಪೊಟ್ಟಣ ಕಟ್ಟುತ್ತಿದ್ದ ಸಿದ್ದಲಿಂಗಪ್ಪನವರು ತಲೆ ಎತ್ತದೆ ಹೇಳುತ್ತಾರೆ.

ಅವರು ಮೊದಲು ತಂಬಾಕಿನ ಪೇಟೆಯಲ್ಲಿ ತೂಕದವರಾಗಿದ್ದರು. ಆ ಅಂಗಡಿ ಮುಚ್ಚಿದ ಮೇಲೆ ಮನೆಯಲ್ಲಿದ್ದಾರೆ. ಈ ವಿಷಯ ಎತ್ತಿದರೆ ಶಿವಬಸವ್ವನವರಿಗೆ ಬೇಸರವಿಲ್ಲ. "ನೌಕರಿ ಇರೋದು ಇವರ ಮೂಗಿಗ್ರಿ. ಉಳಿದ ಭಾಗ ಎಲ್ಲಾ ರಜಾದ ಮ್ಯಾಲ ಅದ."

ಕೆಲಸ ಕಾಣುವಷ್ಟು ಸುಲಭವಲ್ಲ. ನಿಪ್ಪಾಣಿಯ ಎಲೆಯನ್ನು ನರ ತೆಗೆದು ಒಣಗಿಸಬೇಕು. ಬೋಗುಣಿಯಲ್ಲಿ ಹದವಾಗಿ ಹುರಿಯಬೇಕು. ಸುಣ್ಣದ ತಿಳಿನೀರು ಚಿಮುಕಿಸಿ, ತುಪ್ಪದ ಕೈ ತಾಗಿಸಿ, ನಸುಕಿನ ಮೂರು ಗಂಟೆಯಿಂದ ಕುಟ್ಟಬೇಕು. ಐದು ಏಟಿಗೆ ಒಂದು ಪಂಚಾಕ್ಷರಿ. ಹಾಗೆ ನೂರೆಂಟು ಆದರೆ ಒಂದು ಸುತ್ತು, ಹನ್ನೆರಡು ಸುತ್ತಿಗೆ ಒಂದು ಒರಳು. ಗೋಡೆಯಾಚೆ ಮಲಗಿ ಕೇಳುವವರಿಗೆ ಆ ಏಟುಗಳಲ್ಲಿ ಯತಿ ತಪ್ಪದ ಪದ್ಯದ ನಡೆಯಿದೆ. ಜಪದ ಪುಣ್ಯ ಬಂದಿರಬೇಕಲ್ಲ ಎಂದು ಕೇಳಿದರೆ ಶಿವಬಸವ್ವನವರು ಕೈ ಆಡಿಸುತ್ತಾರೆ. "ತಂಬಾಕಿನ ಘಾಟಿನ್ಯಾಗ ಮಾಡಿದ ಜಪಾರಿ. ಶಿವ ಕೇಳ್ಯಾನೋ ಇಲ್ಲಾ ಸೀನ್ಯಾನೋ, ಯಾರಿಗೆ ಗೊತ್ತು?"

ಕುಟ್ಟಿದ ಪುಡಿಯನ್ನು ಎರಡು ಪಾಲು ಮಾಡುತ್ತಾರೆ. ಒಂದು ಪಾಲನ್ನು ತೆಳು ಬಟ್ಟೆಯಲ್ಲಿ, ಇನ್ನೊಂದನ್ನು ಬಿದಿರಿನ ಜರಡಿಯಲ್ಲಿ ಸೋಸುತ್ತಾರೆ. ಆಮೇಲೆ ಎರಡನ್ನೂ ಕೂಡಿಸುತ್ತಾರೆ. ಗುಟ್ಟು ಇರುವುದು ಇಲ್ಲಿಯೇ, ಮತ್ತು ಅದನ್ನು ಅವರು ಯಾರಿಂದಲೂ ಮುಚ್ಚಿಟ್ಟಿಲ್ಲ. "ಸಣ್ಣ ಪುಡಿ ಲಗೂನ ಓಡಿ ಹೋಗಿ ಮೊದಲನೇ ಸೀನು ತರ್ತದ. ದಪ್ಪಂದು ಮೆಲ್ಲಕ ನಡಕೋಂತ ಹೋಗಿ ಎರಡನೇದು ತರ್ತದ. ಇಬ್ರೂ ಕೂಡೇ ಹೋದ್ರ ಒಂದ ಸೀನು ನೋಡ್ರಿ."

ಪೊಟ್ಟಣ ಕೊಡುವಾಗಲೂ ಎಲ್ಲರಿಗೂ ಒಂದೇ ಅಳತೆಯಲ್ಲ. ಬಂದವರ ಮುಖವನ್ನು ಒಂದು ಕ್ಷಣ ದಿಟ್ಟಿಸಿ, ಒಬ್ಬರಿಗೆ ಸಣ್ಣದ್ದು ಮುಂದಾಗಿ, ಇನ್ನೊಬ್ಬರಿಗೆ ದಪ್ಪದ್ದು ಮುಂದಾಗಿ ಬೆರೆಸುತ್ತಾರೆ. ಮಳೆಗಾಲಕ್ಕೆ ಸುಣ್ಣ ಒಂದಿಷ್ಟು ಹೆಚ್ಚು. "ನನಗ ಹೆಸರು ನೆನಪಿರಂಗಿಲ್ರಿ. ಮೂಗು ನೆನಪಿರ್ತಾವ."

ಕೆಟ್ಟ ದಿನಗಳನ್ನೂ ಈ ಒರಳು ಕಂಡಿದೆ. ಹದಿನೆಂಟನೆಯ ಇಸವಿಯ ಇನ್‌ಫ್ಲುಯೆಂಜಾ ಬಂದಾಗ ಪುಣೆಯಲ್ಲಿ ನಶ್ಯ ಕೊಳ್ಳುವವರೇ ಇರಲಿಲ್ಲ. "ಊರಿಗೆ ಊರ ಪುಕ್ಕಟೆ ಸೀನ್ತಿತ್ತು" ಎನ್ನುತ್ತಾರೆ ಶಿವಬಸವ್ವ. ಆ ಜ್ವರದಲ್ಲಿಯೇ ಅತ್ತೆ ತೀರಿಕೊಂಡರು. ಹನ್ನೊಂದು ದಿನ ಒರಳು ಬೋರಲಾಗಿತ್ತು. ಹನ್ನೆರಡನೆಯ ನಸುಕಿಗೆ ಸೊಸೆ ಒಬ್ಬಳೇ ಎದ್ದು ಕುಟ್ಟಿದಳು. ಇದನ್ನು ಹೇಳುವಾಗ ಮಾತ್ರ ಅವರು ಜರಡಿಯನ್ನು ಕೆಳಗಿಡುತ್ತಾರೆ.

ಅದಕ್ಕಿಂತ ಗಟ್ಟಿ ಪರೀಕ್ಷೆ ಬಂದದ್ದು ಹೋದ ವರ್ಷ. ಬ್ಯಾಂಡು ಬಾರಿಸಿಕೊಂಡು, ಮೋಟಾರಿನಲ್ಲಿ ಬಂತು.

ಹಡಪಸರದ ರಸ್ತೆಯಲ್ಲಿ ನಶ್ಯದ ಹೊಸ ಕಾರ್ಖಾನೆಯೊಂದು ತೆರೆಯಿತು. ನಲವತ್ತು ಜನ ಕೆಲಸಗಾರರು, ಎಣ್ಣೆಯ ಎಂಜಿನ್ನು. ದಿನಕ್ಕೆ ಹತ್ತು ಮಣ ಪುಡಿ. ಅಂದರೆ ಶಿವಬಸವ್ವನವರ ನಾಲ್ಕು ಸೇರಿಗೆ ನೂರು ಪಾಲು. ಹೊಳೆಯುವ ತಗಡಿನ ಡಬ್ಬಿ, ಅದರ ಮೇಲೆ ಸೊಂಡಿಲು ಎತ್ತಿದ ಆನೆ. ಅಷ್ಟೇ ತೂಕದ ಶಿವಬಸವ್ವನ ಪೊಟ್ಟಣಕ್ಕೆ ಹೋಲಿಸಿದರೆ ಬೆಲೆ ಅರ್ಧ. ದೇಶ ಮುಂದೆ ಬರಬೇಕಾದರೆ ಇಂಥ ಕಾರ್ಖಾನೆಗಳೇ ಬೇಕೆಂದು ಅದರ ಉದ್ಘಾಟನೆಯಲ್ಲಿ ಭಾಷಣವಾಯಿತು. ಗುಡಿಕೈಗಾರಿಕೆಯೇ ದೇಶದ ಬೆನ್ನೆಲುಬೆಂದು ಅದೇ ವಾರ ಇನ್ನೊಂದು ಸಭೆಯಲ್ಲಿ ಭಾಷಣವಾಯಿತು. ಎರಡೂ ಕಡೆ ಸಿದ್ದಲಿಂಗಪ್ಪನವರು ಹೋಗಿ ಬಂದರು. "ಮೊದಲನೇ ಸಭಾದಾಗ ಚಹಾ ಕೊಟ್ರು" ಎಂಬುದು ಅವರ ತೀರ್ಮಾನ.

ಆನೆಯ ಡಬ್ಬಿಯನ್ನು ಮೊದಲ ಸಲ ಕಂಡಾಗ ಶಿವಬಸವ್ವನವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರಂತೆ. "ಚಿತ್ರ ಛಂದ ಅದ. ಖರೇ ಅಂದ್ರ, ಅಷ್ಟುದ್ದ ಮೂಗಿನ ಅಳತಿಗೆ ಮಾಡಿದ್ದು ನಮ್ಮ ಮಾಸ್ತರರಿಗೆ ಹೆಂಗ ಹೊಂದ್ತದ?"

ಮಾತು ತಮಾಷೆಯದು, ಹೊಡೆತ ತಮಾಷೆಯದಲ್ಲ. ದಿನಕ್ಕೆ ನೂರಮೂವತ್ತು ಪೊಟ್ಟಣ ಹೋಗುತ್ತಿದ್ದದ್ದು ಮೂರೇ ತಿಂಗಳಲ್ಲಿ ಮೂವತ್ತೈದಕ್ಕೆ ಇಳಿಯಿತು. ನಿಪ್ಪಾಣಿಯ ವ್ಯಾಪಾರಿ ಒಂದು ಪೂರ್ತಿ ಮೂಟೆಗಿಂತ ಕಡಿಮೆ ಎಲೆ ಕಳಿಸುವುದಿಲ್ಲ. ಐವತ್ತು ಪೊಟ್ಟಣವಾದರೂ ಹೋಗದಿದ್ದರೆ ಆ ಮೂಟೆ ಮುಗಿಯುವ ಮೊದಲೇ ಮಳೆ ಹಿಡಿದು ಎಲೆಗೆ ಬೂಸ್ಟು ಬರುತ್ತದೆ. ಕಾರ್ಖಾನೆಗೆ ಗೋದಾಮಿದೆ. ಶಿವಬಸವ್ವನವರಿಗೆ ಇರುವುದು ಮಂಚದ ಕೆಳಗಿನ ಜಾಗ. ಜ್ಯೇಷ್ಠ ಹುಟ್ಟುವುದರೊಳಗೆ ಗಿರಾಕಿಗಳು ಮರಳದಿದ್ದರೆ ಒರಳನ್ನು ಬೋರಲು ಹಾಕುವುದೇ ಎಂದು ಗಂಡಹೆಂಡತಿ ಮಾತಾಡಿಕೊಂಡರು.

ಆನೆಯ ಡಬ್ಬಿಗೆ ಹೋದವರಲ್ಲಿ ಈರಣ್ಣನವರೂ ಒಬ್ಬರು. ಅದೇ ಓಣಿಯವರು. ಯೆರವಡಾ ಕಡೆಯ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತರು, ದಿನಾ ಸೈಕಲ್ಲಿನಲ್ಲಿ ಹೊಳೆ ದಾಟಿ ಹೋಗುವವರು. ಮುಂದಿನದನ್ನು ಅವರ ಬಾಯಿಂದಲೇ ಕೇಳಬೇಕು.

"ಮೊದಲನೇ ದಿವಸ ಆನೀ ಡಬ್ಬಿ ತಗದು ಹೊಸ್ತಿಲ ಮ್ಯಾಲ ನಿಂತು ಏರಿಸಿದೆ. ಒಂದು ಸೀನು ಬಂತು, ಭಾರೀ ಸೀನು. ಎರಡನೇದು ಇಲ್ಲ. ನಿಂತೆ, ಸೂರ್ಯಾನ ಕಡೆ ನೋಡಿದೆ, ಮೂಗು ತಿಕ್ಕಿದೆ. ಇಲ್ಲ. ನಮ್ಮವ್ವ ಹಿಂದ ನಿಂತಾಳ."

ಅವ್ವ ನಾಗವ್ವನವರಿಗೆ ಎಪ್ಪತ್ತೆರಡು. ಅವರು ಒಳಗಿನಿಂದಲೇ ಸೇರಿಸುತ್ತಾರೆ: "ಒಂಟಿ ಸೀನಿನ್ಯಾಗ ಮಗನ್ನ ಹೊಳಿ ದಾಟಸ್ಲೇನು? ಬಾ ಒಳಗ, ಕಾಲು ತೊಳಿ, ನೀರು ಕುಡಿ, ಕುಂಡ್ರು ಅಂದೆ."

ಕುಳಿತರು. ಎದ್ದರು. ಮತ್ತೆ ಹೊಸ್ತಿಲು, ಮತ್ತೆ ಚಿಟಿಕೆ, ಮತ್ತೆ ಒಂದೇ ಸೀನು. ಯಂತ್ರ ಎಲ್ಲ ಪುಡಿಯನ್ನೂ ಒಂದೇ ಸಮನಾಗಿ ಬೀಸಿತ್ತು. ಕಣಗಳೆಲ್ಲ ಕೂಡಿಯೇ ಹೋಗುತ್ತಿದ್ದವು, ಸೀನೆಲ್ಲ ಒಂದರಲ್ಲಿಯೇ ಮುಗಿಯುತ್ತಿತ್ತು. ಮೂರು ದಿನ ಈರಣ್ಣನವರು ಕಚೇರಿಗೆ ತಡವಾದರು. ನಾಲ್ಕನೆಯ ದಿನ ಸಾಹೇಬರು ಕಾರಣ ಬರೆದುಕೊಡು ಎಂದರು.

"ಒಂದ ಸೀನು ಬಂತು ಅದಕ್ಕ ತಡಾ ಆತು ಅಂತ ಇಂಗ್ಲಿಷಿನ್ಯಾಗ ಹೆಂಗ ಬರೀಲ್ರಿ? ಹೊಟ್ಟಿಬ್ಯಾನಿ ಅಂತ ಬರದೆ. ಸಾಹೇಬ ಭಾಳ ಒಳ್ಳೆಯಾಂವ. ಸರಕಾರಿ ಡಾಕ್ಟರ್ ಕಡೆ ಕಳಿಸಿದ. ಡಾಕ್ಟರ್ ಎದುರಿಗೆ ನಿಲ್ಲಿಸಿ ಔಡಲೆಣ್ಣಿ ಕುಡಿಸಿದ. ಅವತ್ತು ಕಚೇರಿ ಕೆಲಸನೂ ಇಲ್ಲ, ಸೀನೂ ಇಲ್ಲ. ಬರೇ ಓಡಾಟ."

ಇಂಥ ಕಥೆ ಪೇಠೆಯಲ್ಲಿ ಒಂದೆರಡಲ್ಲ. ಒಬ್ಬರ ಕನ್ಯಾಪರೀಕ್ಷೆ ಮುಂದಕ್ಕೆ ಹೋಯಿತು, ಇನ್ನೊಬ್ಬರ ರೈಲು ತಪ್ಪಿತು. ಆದರೂ ಯಾರೂ ಡಬ್ಬಿ ಬಿಡಲಿಲ್ಲ. ಅರ್ಧ ಬೆಲೆ ಎಂದರೆ ಅರ್ಧ ಬೆಲೆಯೇ. ದೂರು ಮಾತ್ರ ಹಡಪಸರದವರೆಗೆ ಮುಟ್ಟಿತು.

ಒಂದು ದಿನ ಕಾರ್ಖಾನೆಯ ಏಜೆಂಟ್ ದೇವದಾಸ್ ವಾಡೆಗೆ ಬಂದರು. ಮಂಗಳೂರಿನ ಕಡೆಯ ಯುವಕರು, ಇಸ್ತ್ರಿ ಮಾಡಿದ ಕೋಟು, ಬಹಳ ಮರ್ಯಾದೆಯ ಮಾತು. "ಅಮ್ಮ, ನಮ್ಮ ಪುಡಿಯಲ್ಲಿ ಎರಡನೇ ಸೀನು ಒಂದು ಕಡಿಮೆ ಉಂಟು. ನೀವು ನಮ್ಮಲ್ಲಿಗೆ ಬಂದುಬಿಡಿ. ತಿಂಗಳಿಗೆ ಮೂವತ್ತು ರೂಪಾಯಿ ಸಂಬಳ. ಈ ಒರಳು ಗಿರಳು ಎಲ್ಲ ಯಾಕೆ ಮಾರಾಯ್ರೆ ಈ ಪ್ರಾಯದಲ್ಲಿ?"

ಮೂವತ್ತು ರೂಪಾಯಿ ಆ ಮನೆ ಕಾಣದ ಮೊತ್ತ. ಶಿವಬಸವ್ವನವರು ಕಾರ್ಖಾನೆ ನೋಡಿ ಹೇಳುತ್ತೇನೆ ಎಂದರು. ಟಾಂಗಾ ಬಂತು. ಇಬ್ಬರೂ ಹೋದರು.

ಒಳಗೆ ಎಂಜಿನ್ನಿನ ಸದ್ದು. ನಲವತ್ತು ಜನ ಮೂಗಿಗೆ ಬಟ್ಟೆ ಕಟ್ಟಿಕೊಂಡು ದುಡಿಯುತ್ತಿದ್ದರು. ತಾವು ತಿಂಗಳುಗಟ್ಟಲೆ ಕುಟ್ಟುವಷ್ಟು ಪುಡಿ ಕಣ್ಣೆದುರೇ ಒಂದು ತೊಟ್ಟಿಗೆ ಸುರಿದದ್ದನ್ನು ಕಂಡು ಶಿವಬಸವ್ವನವರು ಕೈಮುಗಿದರಂತೆ. ಆಮೇಲೆ ಕೇಳಿದರು: "ಇಲ್ಲೆ ಯಾರ ಮೂಗಿನ ಮ್ಯಾಲ ಪರೀಕ್ಷಾ ಮಾಡ್ತೀರಿ?"

"ಮೂಗು ಎಂಥಕ್ಕೆ ಅಮ್ಮ? ತಕ್ಕಡಿ ಉಂಟಲ್ಲ. ಡಬ್ಬಿಯ ತೂಕ ಸರಿ ಇದ್ದರೆ ಪಾಸ್."

"ಈ ಊರಾಗ ಎಷ್ಟು ಮೂಗು ಅದಾವ್ರಿ?"

"ನಮ್ಮ ಲೆಕ್ಕದಲ್ಲಿ ನಲವತ್ತು ಸಾವಿರ ಗಿರಾಕಿ ಆಗಬೇಕು."

"ಅಷ್ಟೂ ಮೂಗು ಒಂದ ಥರಾ ಅದಾವೇನು?"

"ಯಂತ್ರಕ್ಕೆ ಎಲ್ಲ ಒಂದೇ ಅಮ್ಮ."

ದಪ್ಪ ಪುಡಿಯನ್ನು ಬೇರೆ ಕುಟ್ಟಿ ಬೆರೆಸಿದರೆ ಆಗದೇ ಎಂದು ದೇವದಾಸ್ ಕೇಳಿದರು. ಶಿವಬಸವ್ವನವರು ಬೆರಳು ಮಡಿಸಿ ಲೆಕ್ಕ ಹಾಕಿದರು. ಹತ್ತು ಮಣಕ್ಕೆ ಐದು ಮಣ ದಪ್ಪ ಪುಡಿ ಬೇಕು. ಅವರ ಕೈಲಿ ಆಗುವುದು ನಾಲ್ಕು ಸೇರು. "ಇಡೀ ಊರಿಗೆ ಎರಡನೇ ಸೀನು ಹಂಚೋದು ನನ್ನ ಕೈಯಿಂದ ಆಗಂಗಿಲ್ಲ. ನನಗ ಗೊತ್ತಿರೋ ಮೂಗಿಗೆ ಅಷ್ಟ ನಾ ಕೊಡ್ತೀನಿ. ತಪ್ಪು ತಿಳೀಬ್ಯಾಡ್ರಿ" ಎಂದು ಅಲ್ಲಿಯೇ ಹೇಳಿ ಬಂದರು.

ಹಿಂದಿರುಗುವಾಗ ಟಾಂಗಾದಲ್ಲಿ ಸಿದ್ದಲಿಂಗಪ್ಪನವರು ಮೈಲುಗಲ್ಲು ಎಣಿಸುತ್ತ ಕುಳಿತಿದ್ದರು. ಕೊನೆಗೆ, "ಮೂವತ್ತು ರೂಪಾಯಿ" ಎಂದರು.

"ಹೌದು" ಎಂದರು ಶಿವಬಸವ್ವ.

"ಅಲ್ಲೆ ನನ್ನ ಮೂಗಿಗೆ ನೌಕರಿ ಇರಲಿಲ್ಲ ಬಿಡು" ಎಂದು ಅವರು ನಿಟ್ಟುಸಿರು ಬಿಟ್ಟರು.

ಆ ವಾರ ಪೊಟ್ಟಣಗಳು ಇಪ್ಪತ್ತೆಂಟಕ್ಕೆ ಇಳಿದವು. ಮಂಚದ ಕೆಳಗೆ ಮುಕ್ಕಾಲು ಮೂಟೆ ಎಲೆ ಹಾಗೇ ಇತ್ತು. ಮಳೆಗೆ ಒಂದೂವರೆ ತಿಂಗಳು.

ಕಾರ್ಖಾನೆ ಕೈಕಟ್ಟಿ ಕೂಡಲಿಲ್ಲ. ದೊಡ್ಡವರ ಬಳಿ ಉಪಾಯಕ್ಕೆ ಕೊರತೆಯೇ? ಡಬ್ಬಿಯ ಮೇಲೆ, ಆನೆಯ ಕಾಲ ಕೆಳಗೆ, ಕೆಂಪು ಅಕ್ಷರದಲ್ಲಿ ಹೊಸದೊಂದು ಸಾಲು ಅಚ್ಚಾಗಿ ಬಂತು: 'ಜೋಡಿ ಸೀನಿಗೆ ಎರಡು ಚಿಟಿಕೆ'. ಬ್ಯಾಂಡು ಮತ್ತೊಮ್ಮೆ ಪೇಠೆಯನ್ನು ಸುತ್ತಿತು.

ಈರಣ್ಣನವರು ಎರಡು ಚಿಟಿಕೆ ಏರಿಸಿದರು. ಒಂದು ಸೀನು ಬಂತು. ಎರಡನೆಯದೂ ಬಂತು. ಸೈಕಲ್ಲಿನ ಮೇಲೆ ಕಾಲಿಟ್ಟರು. ಮೂರನೆಯದೂ ಬಂತು.

"ಅವ್ವಾ, ಎರಡು ಆಗ್ಯಾವ, ಇದು ಮ್ಯಾಲಿಂದು" ಎಂದರು.

"ಮ್ಯಾಲಿಂದು ಅಂದ್ರ ಒಂಟಿ ಅಲ್ಲೇನೋ?" ಎಂದು ನಾಗವ್ವ ಸೈಕಲ್ಲಿನ ಹಿಂದಿನ ಗಾಲಿ ಹಿಡಿದರು. "ಇಳಿ. ಕಾಲು ತೊಳಿ."

ಅದಾದರೂ ಸಹಿಸಬಹುದಿತ್ತು. ಆದರೆ ಹದಿನಾರು ದಿನ ಬರುತ್ತಿದ್ದ ಡಬ್ಬಿ ಎಂಟೇ ದಿನಕ್ಕೆ ತಳ ಕಂಡಿತು. ಈರಣ್ಣನವರು ಕಚೇರಿಯಲ್ಲಿ ದಿನವೆಲ್ಲ ಲೆಕ್ಕ ಬರೆಯುವವರು. ಖಾಲಿ ಡಬ್ಬಿಯನ್ನು ಅಂಗೈ ಮೇಲಿಟ್ಟುಕೊಂಡು ಲೆಕ್ಕ ಹಾಕಿದರು. "ಅರ್ಧ ಬೆಲಿ, ಅರ್ಧ ದಿವಸ. ಅಂದ್ರ ಸೋವಿ ಎಲ್ಲೆ ಆತ್ರಿ? ಮ್ಯಾಲ ಔಡಲೆಣ್ಣಿ ನನ್ನ ಖರ್ಚಿಗೆ." ಆ ಲೆಕ್ಕ ಅವರ ಕಚೇರಿಯಿಂದ ಇನ್ನೊಂದು ಕಚೇರಿಗೆ, ಅಲ್ಲಿಂದ ರೈಲ್ವೆಗೆ, ಪೋಸ್ಟಿಗೆ, ಶಾಲೆಗಳಿಗೆ ಹರಡಿತು. ಗುಮಾಸ್ತರು ಭಾಷಣವನ್ನು ನಂಬುತ್ತಾರೋ ಇಲ್ಲವೋ, ಭಾಗಾಕಾರವನ್ನು ನಂಬುತ್ತಾರೆ.

ಮರುವಾರ ಶಿವಬಸವ್ವನವರ ಬಾಗಿಲಲ್ಲಿ ಮೊದಲು ನಿಂತವರು ಈರಣ್ಣ. ತಲೆ ತಗ್ಗಿಸಿದ್ದರು. ಶಿವಬಸವ್ವನವರು ಮುಖವನ್ನು ಒಂದು ಸಲ ನೋಡಿದರು. "ಮೂಗು ಸ್ವಲ್ಪ ಊದೇದಲ್ರಿ ತಮ್ಮಾ. ದಪ್ಪಂದು ಕಡಿಮಿ ಹಾಕ್ತೀನಿ" ಎಂದಷ್ಟೇ ಅಂದರು. ಜ್ಯೇಷ್ಠ ಹುಟ್ಟುವ ಹೊತ್ತಿಗೆ ಪೊಟ್ಟಣ ಎಂಬತ್ತಕ್ಕೆ ಏರಿತು, ಮೂಟೆ ಬರಿದಾಯಿತು. ಈಗ ದಿನಕ್ಕೆ ನೂರಾಹತ್ತು.

ಹಾಗೆಂದು ಆನೆ ಸೋತಿತೆಂದು ಯಾರೂ ತಿಳಿಯಬೇಕಾಗಿಲ್ಲ. ಶಕುನದ ಗೊಡವೆಯಿಲ್ಲದೆ ದಿನವೆಲ್ಲ ಸುಮ್ಮನೆ ನಶ್ಯ ಏರಿಸುವವರಿಗೆ ಅದೇ ಸಾಕು. ಕಾರ್ಖಾನೆ ಈಗ ಸೊಲ್ಲಾಪುರಕ್ಕೂ ಡಬ್ಬಿ ಕಳಿಸುತ್ತಿದೆ. ಇನ್ನು ಕೆಲವರು ಕಚೇರಿಯ ಮೇಜಿನ ಮೇಲೆ ಚಂದ ಕಾಣಲೆಂದು ಆನೆಯ ಡಬ್ಬಿ ಇಟ್ಟುಕೊಂಡು, ಒಳಗೆ ಶಿವಬಸವ್ವನ ಪುಡಿ ತುಂಬಿಕೊಂಡಿದ್ದಾರೆ. ಇದು ಶಿವಬಸವ್ವನವರಿಗೆ ಗೊತ್ತು. "ನಾ ಅಂತೂ ಡಬ್ಬಿ ಮಾಡಂಗಿಲ್ಲಲ್ರಿ. ಅಷ್ಟು ಉಪಕಾರ ಆತು" ಎನ್ನುತ್ತಾರೆ. ಇಪ್ಪತ್ತು ಕೆಲಸಗಾರರಿದ್ದರೆ ಕಾರ್ಖಾನೆಯೆಂದು ಸರಕಾರದ ಪಟ್ಟಿಯಲ್ಲಿ ಬರೆಯುತ್ತಾರೆ. ಒಂದು ಒರಳು, ಒಬ್ಬ ಹೆಣ್ಣುಮಗಳು, ಒಂದು ಮೂಗು ಇರುವ ಈ ಉದ್ಯೋಗ ಯಾವ ಪಟ್ಟಿಯಲ್ಲಿಯೂ ಇಲ್ಲ.

ನಾವು ಮಾತಾಡುತ್ತಿರುವಾಗಲೇ ಬಾಗಿಲಲ್ಲಿ ಯಾರೋ ಕೆಮ್ಮುತ್ತಾರೆ. ನೋಡಿದರೆ ಏಜೆಂಟ್ ದೇವದಾಸ್. ಕೈಯಲ್ಲಿ ಟ್ರಂಕು, ಹೊಸ ಪೇಟ, ಓಣಿಯ ಆಚೆ ಈಚೆ ಕಳ್ಳನೋಟ.

"ಅಮ್ಮ, ಒಂದು ಪೊಟ್ಟಣ ಬೇಕಿತ್ತು. ಮುಂಬಯಿಗೆ ಹೋಗಿ ಹಡಗು ಹತ್ತುವುದು. ಊರಲ್ಲಿ ಹುಡುಗಿ ನೋಡಲಿಕ್ಕೆ ಉಂಟು."

"ಯಾಕ್ರಿ, ಕಂಪನಿ ಡಬ್ಬಿ ಇಲ್ಲೇನು?" ಎಂದು ಒಳಗಿನಿಂದ ಸಿದ್ದಲಿಂಗಪ್ಪ ಕೇಳುತ್ತಾರೆ.

"ಉಂಟು ಯಜಮಾನ್ರೆ, ನಾಲ್ಕು ಉಂಟು. ಅದು ವ್ಯಾಪಾರದ್ದು. ಇದು ಮದುವೆಯ ವಿಷಯ ಅಲ್ವಾ?"

ಶಿವಬಸವ್ವನವರು ನಗುವುದಿಲ್ಲ. ಆ ಯುವಕನ ಮೂಗನ್ನು ಬೆಳಕಿಗೆ ತಿರುಗಿಸಿ ನೋಡಿ, ಎರಡೂ ಪುಡಿಯನ್ನು ಹೊಸದಾಗಿ ಬೆರೆಸಿ, ಒಣ ಬಾಳೆಪಟ್ಟೆಯಲ್ಲಿ ಕಟ್ಟಿ ಕೊಡುತ್ತಾರೆ. ಹಡಗಿನ ಗಾಳಿ ತಾಗದ ಹಾಗೆ ಒಳಜೇಬಿನಲ್ಲಿಡಿ ಎನ್ನುತ್ತಾರೆ. ದುಡ್ಡು ಕೊಡಲು ಹೋದರೆ, ಹುಡುಗಿ ಒಪ್ಪಿದ ಮೇಲೆ ಕೊಡಿ ಎಂದು ಕಳಿಸುತ್ತಾರೆ.

ಮುಂದಿನ ಆಸೆ ಏನು ಎಂದು ಕೇಳಿದ್ದಕ್ಕೆ ಅವರು ಒರಳಿನ ಅಂಚನ್ನು ಸೆರಗಿನಿಂದ ಒರೆಸುತ್ತ ಹೇಳುತ್ತಾರೆ:

"ಕಂಪನಿ ಬೆಳೀಲಿ ಬಿಡ್ರಿ. ನಲವತ್ತು ಮನಿ ಅದರ ಮ್ಯಾಲ ಉಣ್ತಾವ. ದಿನಾ ಬೇಕಾಗೋದು ಅವರ ಕೊಡ್ಲಿ. ಮಗಂದು ಪರೀಕ್ಷಾ, ಮಗಳ ನಿಶ್ಚಯ, ಕೋರ್ಟಿನ್ಯಾಗ ತೀರ್ಪು ಅಂತ ಇದ್ದಾಗ ನನ್ನ ಕಡೆ ಬರ್ರಿ, ಅಷ್ಟ ಸಾಕು. ಇಷ್ಟು ದೊಡ್ಡ ಊರು, ದಿನಾ ಬೆಳಗಾದ್ರ ಎದಿ ಡವಡವ ಅನಕೋಂತ ಹೊರಡಾವ್ರು ನೂರು ಮಂದಿ ಇದ್ದ ಇರ್ತಾರ."